ಇಪ್ಪತ್ತೊಂಬತ್ತನೆಯ ಬೀಜ

ನಿನ್ನೆ ಸೂರ್ಯನನ್ನು ಮುಳುಗಿಸುವಾಗ ನನ್ನ ಕೈ ನಡುಗಲಿಲ್ಲ.

ಅಷ್ಟು ಬರೆದು ಅವಳು ಪೆನ್ನು ಎತ್ತಿದಳು. ಮುಂದಿನ ವಾಕ್ಯ ಬರಲಿಲ್ಲ. ನಡುಗದಿರುವುದೇ ನನ್ನ ಹೆದರಿಕೆ ಎಂದು ಬರೆಯಬಹುದಿತ್ತು. ಹಾಗೆ ಬರೆದರೆ ಹೆದರಿಕೆ ಕಾಗದದ ಮೇಲೆ ಮಾತ್ರ ಇದೆ ಎಂಬುದು ಅವಳಿಗೇ ಗೊತ್ತಾಗಿಬಿಡುತ್ತಿತ್ತು.

ಡೈರಿಯನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಹಳೆಯ ಬಾಬಿನ್‌ಗಳ ಕೆಳಗೆ ಬಚ್ಚಿಟ್ಟಳು. ಮನೆಯಲ್ಲಿರುವುದು ಇಬ್ಬರೇ. ಇನ್ನೊಬ್ಬನಿಗೆ ಕಣ್ಣು ಕಾಣುವುದಿಲ್ಲ. ಆದರೂ ಬಚ್ಚಿಡುತ್ತಾಳೆ.

ಹಜಾರವೇ ಒಂದು ಕಾಲದ ಟೈಲರ್ ಅಂಗಡಿ. ಗೋಡೆಗೆ ಒರಗಿಸಿದ ಮಂಚದಲ್ಲಿ ಅಪ್ಪ ಮಲಗಿದ್ದ. ಬೆಳಗಿನ ಆಜಾನಿಗೆ ಮುಂಚೆ ಇಬ್ಬರೂ ಹಾಲು, ಬ್ರೆಡ್ಡು ತಿಂದು ಉಪವಾಸ ಹಿಡಿದಿದ್ದರು. ಅವಳದು ಸಂಜೆಯವರೆಗೆ. ಅವನದು ಮಧ್ಯಾಹ್ನ ಒಂದು ಗಂಟೆಯವರೆಗೆ. ಅದು ಅವನಿಗೆ ಗೊತ್ತಿರಲಿಲ್ಲ.

ರಂಜಾನಿನ ಮೊದಲ ದಿನ ಅಪ್ಪ ಪೂರ್ತಿ ಉಪವಾಸ ಇದ್ದ. ನಾಲ್ಕು ಗಂಟೆಗೆ ಯಂತ್ರದ ಪಕ್ಕ ಕುಸಿದು ಬಿದ್ದರೂ ಸಂಜೆಯ ಆಜಾನಿನವರೆಗೆ ಹನಿ ನೀರು ಮುಟ್ಟಲಿಲ್ಲ. ಡಾಕ್ಟರು ಬಂದು, ದಿನಕ್ಕೆ ಮೂರು ಹೊತ್ತು ಮಾತ್ರೆ, ಹೊತ್ತುಹೊತ್ತಿಗೆ ನೀರು, ಇಲ್ಲದಿದ್ದರೆ ಮೂತ್ರಪಿಂಡ ಈ ತಿಂಗಳು ದಾಟುವುದಿಲ್ಲ ಎಂದರು. ಕಾಯಿಲೆಯವರಿಗೆ ಉಪವಾಸ ಮಾಫಿ, ಇದನ್ನು ಡಾಕ್ಟರಿಗಿಂತ ಮೊದಲು ದೇವರೇ ಹೇಳಿದ್ದಾನೆ. ಅವಳು ಹೇಳಿ ನೋಡಿದಳು.

"ಬಿಡು ಅನ್ನೋದು ಅವನ ದೊಡ್ಡತನ," ಅಪ್ಪ ಹೇಳಿದ. "ಬಿಡಲ್ಲ ಅನ್ನೋದು ನನ್ನ ಪ್ರೀತಿ. ನಡುವೆ ನಿಂದೇನು?"

ಹೋದ ವರ್ಷದ ರಂಜಾನ್ ತಿಂಗಳು ಆಸ್ಪತ್ರೆಯಲ್ಲಿ ಕಳೆದಿತ್ತು. ಅದರ ಹಿಂದಿನದು ಹನ್ನೆರಡನೇ ದಿನಕ್ಕೆ ನಿಂತಿತ್ತು. ಒಂದು ತಿಂಗಳಾದರೂ ಪೂರ್ತಿ ಹೊಲಿದು ಕೊಟ್ಟು ಹೋಗುತ್ತೇನೆ, ಗುಂಡಿ ಹಾಕದ ಅಂಗಿ ಹಿಡಿದುಕೊಂಡು ದೇವರ ಮುಂದೆ ಹೇಗೆ ನಿಲ್ಲಲಿ ಎಂದು ಅತ್ತ. ಅವನು ಅತ್ತದ್ದನ್ನು ಅವಳು ನೋಡಿದ್ದು ಅಮ್ಮ ಹೋದಾಗ ಬಿಟ್ಟರೆ ಆಗಲೇ.

ಬೇರೆ ಊರಿನಲ್ಲಿರುವ ಅಕ್ಕ ಫೋನಿನಲ್ಲಿ ಸುಲಭವಾಗಿ ಬಗೆಹರಿಸಿದಳು. ಕೂಸಿಗೆ ಔಷಧಿ ಕುಡಿಸೋಕೆ ಸುಳ್ಳು ಹೇಳಲ್ವಾ? ಪಾಪ ಬಂದರೆ ನನ್ನ ತಲೆ ಮೇಲಿರಲಿ. ಅಕ್ಕನ ತಲೆ ಆರು ಗಂಟೆ ಪ್ರಯಾಣದಷ್ಟು ದೂರದಲ್ಲಿತ್ತು.

ಹೀಗೆ ಎರಡನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಅವಳು ಸೂರ್ಯನನ್ನು ಮುಳುಗಿಸಿದಳು.

*

ಅವಳ ಕೆಲಸ ಎರಡು ಬೀದಿ ಆಚೆ, ನೋಟರಿಯ ಆಫೀಸಿನಲ್ಲಿ. ಪ್ರಮಾಣಪತ್ರಗಳನ್ನು ಟೈಪು ಮಾಡುವುದು. ಹೆಸರು ಕಳೆದುಕೊಂಡವರು, ವಯಸ್ಸು ತಪ್ಪಾದವರು, ತಾವೇ ತಾವು ಎಂದು ಸಾಬೀತು ಮಾಡಬೇಕಾದವರು ಬರುತ್ತಾರೆ. ಎಲ್ಲರ ಕಾಗದದ ಕೊನೆಗೂ ಒಂದೇ ಸಾಲು: ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ. ಆ ಸಾಲನ್ನು ಅವಳ ಬೆರಳುಗಳು ಅವಳನ್ನು ಕೇಳದೆ ಹೊಡೆಯುತ್ತವೆ. ಪದವಿ ಓದಿದ್ದು ಇದಕ್ಕಾ ಎಂದು ಮೊದಮೊದಲು ಅನ್ನಿಸುತ್ತಿತ್ತು. ಈಗ ಅದೂ ಅನ್ನಿಸುವುದಿಲ್ಲ.

ನೋಟರಿ ಒಳ್ಳೆಯ ಮನುಷ್ಯ. ಅವಳು ಮಾತಾಡುವುದಿಲ್ಲವೆಂದು "ಮೂಗಿ" ಎಂದು ಕರೆಯುತ್ತಾನೆ, ಪ್ರೀತಿಯಿಂದಲೇ. ಉಪವಾಸದವಳೆಂದು ಮಧ್ಯಾಹ್ನ ಒಂದು ತಾಸು ಬಿಡುವು ಕೊಡುತ್ತಾನೆ, ನಾಲ್ಕಕ್ಕೆ ಮನೆಗೆ ಕಳಿಸುತ್ತಾನೆ. ಊಟವೇ ಇಲ್ಲದವಳಿಗೆ ಊಟದ ಹೊತ್ತಿನಲ್ಲಿ ಬಿಡುವು ಯಾಕೆ ಎಂದು ಒಮ್ಮೆಯೂ ಕೇಳಿಲ್ಲ.

ಆ ಬೆಳಿಗ್ಗೆ ಒಬ್ಬ ಮುದುಕಿ ಬಂದಿದ್ದಳು. ಗಂಡ ಸತ್ತ ತಾರೀಖಿಗೆ ಪ್ರಮಾಣ ಮಾಡಬೇಕಿತ್ತು. ಓದಿ ಹೇಳಿದ್ದನ್ನು ಕೇಳಿ ಮುದುಕಿ ಶಾಯಿ ಹಚ್ಚಿದ ಹೆಬ್ಬೆಟ್ಟನ್ನು ಹಿಂದಕ್ಕೆ ಎಳೆದುಕೊಂಡಳು. ಮಂಗಳವಾರವೋ ಬುಧವಾರವೋ ತನಗೆ ಗೊತ್ತಿಲ್ಲ ಎಂದಳು. ರಾತ್ರಿ ಮಾತಾಡುತ್ತಿದ್ದ, ಬೆಳಿಗ್ಗೆ ಇರಲಿಲ್ಲ, ನಡುವೆ ಯಾವಾಗಲೋ.

"'ತಿಳಿದ ಮಟ್ಟಿಗೆ' ಅಂತ ಇದೆಯಲ್ಲ ಅಜ್ಜಿ," ನೋಟರಿ ಹೇಳಿದ. "ಆ ಸಂದಿನಲ್ಲಿ ಆನೆ ಬೇಕಾದ್ರೂ ನುಗ್ಗುತ್ತೆ. ನಿನ್ನ ಬುಧವಾರ ಯಾವ ಲೆಕ್ಕ?"

"ಆನೆ ನುಗ್ಗಲಿ ಬಿಡಪ್ಪ. ನಾನು ಒತ್ತಲ್ಲ."

ಮುದುಕಿ ಎದ್ದು ಹೋದಳು. ಬಾಗಿಲಿನ ಚೌಕಟ್ಟಿನ ಮೇಲೆ ಅವಳ ಹೆಬ್ಬೆಟ್ಟಿನ ನೀಲಿ ಗುರುತು ಉಳಿಯಿತು. ನೋಟರಿ ನಕ್ಕು ಮುಂದಿನವರನ್ನು ಕರೆದ. ಅವಳಿಗೆ ಮಾತ್ರ ಯಾಕೋ ಆ ಮುದುಕಿಯ ಮೇಲೆ ಹೊಟ್ಟೆಕಿಚ್ಚಾಯಿತು.

*

ಒಂದಕ್ಕೆ ಹತ್ತು ನಿಮಿಷವಿದ್ದಾಗ ಮನೆ ಸೇರಿದಳು.

ಕೆಲಸ ಈಗ ಅಭ್ಯಾಸವಾಗಿತ್ತು. ಅಪ್ಪನ ಮುಖಕ್ಕೆ ಬಿಸಿಲು ತಾಗದಂತೆ ಕಿಟಕಿಗೆ ಕೋಟಿನ ಕಪ್ಪು ಲೈನಿಂಗ್ ಬಟ್ಟೆ ನಾಲ್ಕು ಮಡಿಕೆ ಮಾಡಿ ಕಟ್ಟುವುದು. ನೆಲಕ್ಕೆ ನೀರು ಚಿಮುಕಿಸಿ ಫ್ಯಾನು ಜೋರು ಮಾಡುವುದು, ಸಂಜೆಯ ತಂಪು ಬರಲಿ ಎಂದು. ಬೀದಿಯ ಬಾಗಿಲು ಹಾಕುವುದು. ಮಸೀದಿಯ ಸಂಜೆಯ ಆಜಾನನ್ನು ಅವಳು ಫೋನಿನಲ್ಲಿ ಮೊದಲೇ ಹಿಡಿದಿಟ್ಟುಕೊಂಡಿದ್ದಳು. ಫೋನನ್ನು ಅಡುಗೆಮನೆಯ ಮೂಲೆಯಲ್ಲಿ, ಖಾಲಿ ಪಾತ್ರೆಯೊಳಗೆ ಇಡುತ್ತಾಳೆ. ಆಗ ದನಿ ಮೂರು ಬೀದಿ ದಾಟಿ ಬಂದಂತೆ ಕೇಳಿಸುತ್ತದೆ.

ಹಿಡಿದಿಟ್ಟ ದಿನ ಕೂಗುವವನಿಗೆ ನೆಗಡಿಯಿತ್ತು. ಎರಡನೆಯ ಸಾಲಿನ ನಂತರ ಒಂದು ಸಣ್ಣ ಕೆಮ್ಮು.

ಅಪ್ಪ ಎದ್ದು ಕೂತ. ಕೆಮ್ಮು ಬಂತು. ಅವನ ಹುಬ್ಬು ಮೇಲೇರಿತು.

"ಈ ಮನುಷ್ಯ ಒಂದು ದಿನ ಕೆಮ್ಮುತ್ತಾನೆ, ಒಂದು ದಿನ ಇಲ್ಲ. ಕೆಮ್ಮಿದರೆ ಅದೇ ಜಾಗದಲ್ಲಿ. ಕಚ್ಚಾ ಹೊಲಿಗೆ ಹಾಕಿದ ಹಾಗೆ."

"ಹವೆ ಸರಿ ಇಲ್ಲ," ಅವಳೆಂದಳು.

"ಈ ಸಲ ದಿನಗಳೂ ಸರಿ ಇಲ್ಲ. ನೀರಿಗೆ ಹಾಕಿದ ಬಟ್ಟೆ ಹಾಗೆ ಕುಗ್ಗಿವೆ."

ಅವಳು ಖರ್ಜೂರದ ತಟ್ಟೆ ಅವನ ಕೈಗೆ ಕೊಟ್ಟಳು. ಅವನ ತುಟಿಗಳು ಅಲುಗಿದವು. ದೇವರೇ, ನಿನಗಾಗಿ ಉಪವಾಸ ಹಿಡಿದೆ, ನಿನ್ನ ಅನ್ನದಿಂದ ಬಿಟ್ಟೆ. ಆ ಮಾತು ಹೇಳುವಾಗ ಅವನ ಮುಖದಲ್ಲಿ ಬರುವ ಬೆಳಕು ಅವಳಿಗೆ ಯಾವತ್ತೂ ಬಂದದ್ದಿಲ್ಲ. ಅವಳು ಹದಿನೈದು ದಿನಗಳಿಂದ ಹಗಲಿನಲ್ಲಿ ಒಂದು ಹನಿ ನೀರೂ ಮುಟ್ಟದೆ ಉಪವಾಸ ಇದ್ದಳು. ಹಸಿವು ಬರಿಯ ಹಸಿವಾಗಿತ್ತು, ಬಾಯಾರಿಕೆ ಬರಿಯ ಬಾಯಾರಿಕೆ. ಅವನ ಉಪವಾಸಕ್ಕೆ ಹೊತ್ತಿರಲಿಲ್ಲ. ಅವಳದಕ್ಕೆ ಹೊತ್ತಲ್ಲದೆ ಬೇರೇನೂ ಇರಲಿಲ್ಲ.

ಚಿಕ್ಕವಳಿದ್ದಾಗ ಅಪ್ಪ ಕತ್ತರಿ ಆಡಿಸುತ್ತ ಹೇಳಿದ್ದ: ನಮಾಜನ್ನು ಜನ ನೋಡ್ತಾರೆ, ದಾನವನ್ನು ಜನ ನೋಡ್ತಾರೆ. ಬಾಗಿಲ ಹಿಂದೆ ಹೋಗಿ ಒಂದು ಗುಟುಕು ನೀರು ಕುಡಿದರೆ ಯಾರಿಗೆ ಗೊತ್ತಾಗುತ್ತೆ? ಕುಡಿಯಲ್ಲ ನೋಡು, ಅದು ನಿನಗೂ ಅವನಿಗೂ ಮಾತ್ರ ಗೊತ್ತಿರೋ ಗುಟ್ಟು. ಆ ಇಬ್ಬರ ನಡುವೆ ಈಗ ಅವಳು ಸೇರಿಕೊಂಡಿದ್ದಳು, ಲೈನಿಂಗ್ ಬಟ್ಟೆಯ ಹಾಗೆ.

ಅವನು ಮಾತ್ರೆ ನುಂಗಿದ, ಎರಡು ಲೋಟ ನೀರು ಕುಡಿದ. ಖರ್ಜೂರದ ಬೀಜವನ್ನು ಒರೆಸಿ ಗುಂಡಿಯ ಡಬ್ಬಿಯೊಳಗೆ ಹಾಕಿದ. ಮುಗಿಸಿದ ಉಪವಾಸಕ್ಕೊಂದು ಬೀಜ, ಅದು ಅವನ ಎಣಿಕೆ.

"ಇಪ್ಪತ್ತೆಂಟು," ಎಂದ.

ಅಲ್ಲೇ ಅವಳ ಯೋಜನೆ ತಪ್ಪಿದ್ದು. ಮಧ್ಯಾಹ್ನ ಮಾತ್ರೆ ನುಂಗಿ ಮಲಗಿದವನು ಮರುದಿನವೇ ಏಳುತ್ತಾನೆ ಎಂದುಕೊಂಡಿದ್ದಳು. ಆದರೆ ಎರಡನೆಯ ದಿನವೇ ಅವನು ಸಂಜೆ ನಾಲ್ಕಕ್ಕೇ ಎದ್ದು, ಬೆಳಗಿನ ಜಾವವೆಂದುಕೊಂಡು, ಬೆಳಗಾಗುವುದರೊಳಗೆ ತಿನ್ನಲು ಏನಾದರೂ ಕೊಡು ಎಂದ. ಕೊಟ್ಟಳು. ಮತ್ತೆ ಉಪವಾಸ ಹಿಡಿದು, ಮಬ್ಬಿನಲ್ಲಿ ತೂಕಡಿಸಿ, ನಿಜವಾದ ಸೂರ್ಯ ಮುಳುಗಿದಾಗ ಮತ್ತೆ ಬಿಟ್ಟ. ದಿನಕ್ಕೆರಡು ಸೂರ್ಯಾಸ್ತ, ದಿನಕ್ಕೆರಡು ಬೀಜ. ಮೊದಲ ದಿನ ಮಾತ್ರ ಒಂದು. ಹೊರಗೆ ತಿಂಗಳ ಹದಿನೈದನೆಯ ದಿನ ನಡೆಯುತ್ತಿತ್ತು. ಡಬ್ಬಿಯೊಳಗೆ ತಿಂಗಳು ಮುಗಿಯುತ್ತಿತ್ತು.

"ನೀನೂ ತಿನ್ನು," ಅಪ್ಪ ಹೇಳಿದ.

"ತಿಂದೆ."

"ಸದ್ದು ಕೇಳಲಿಲ್ಲ."

ದಿನವೂ ಅವಳು ನಾಲಿಗೆಯಿಂದ ಚಪ್ಪರಿಸುವ ಸದ್ದು ಮಾಡುತ್ತಿದ್ದಳು. ಇವತ್ತು ಮರೆತಿದ್ದಳು. ಅವನು ತಟ್ಟೆಯಲ್ಲಿ ತಡಕಿ ಒಂದು ಖರ್ಜೂರ ಎತ್ತಿದ. ತಿಂಗಳ ಕೊನೆಗೆ ನಿಮ್ಮಮ್ಮನಿಗೆ ಮೊದಲ ತುತ್ತು ನಾನೇ ಕೊಡುತ್ತಿದ್ದೆ ಎಂದ. ಇನ್ನೊಂದು ಕೈಯಿಂದ ಅವಳ ಗಲ್ಲ ಹುಡುಕಿ, ಹಣ್ಣನ್ನು ತುಟಿಗೆ ಒತ್ತಿದ. ಸೂಜಿ ಚುಚ್ಚಿ ಗಟ್ಟಿಯಾದ ಬೆರಳು. ಅವಳು ಕಚ್ಚುವವರೆಗೆ ಆ ಬೆರಳು ಅಲ್ಲಿಂದ ಸರಿಯಲಿಲ್ಲ.

ಕಚ್ಚಿದಳು. ಅಗಿದಳು. ನುಂಗಿದಳು.

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಲೈನಿಂಗ್ ಬಟ್ಟೆಯ ಅಂಚಿನಿಂದ ದಾರದಷ್ಟು ಬಿಸಿಲು ನೆಲದ ಮೇಲೆ ಬಿದ್ದಿತ್ತು. ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಹಣ್ಣು ಚೆನ್ನಾಗಿತ್ತು.

*

ನಾಲ್ಕು ಗಂಟೆಯ ನಂತರ ಅಪ್ಪ ಮಲಗಲೊಪ್ಪಲಿಲ್ಲ. ಯಂತ್ರದ ಮುಂದೆ ಕೂತು ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದ. ಇಪ್ಪತ್ತೊಂಬತ್ತನೇ ದಿನ ಟೈಲರ್ ಅಂಗಡಿ ಹೀಗಿರುತ್ತಾ ಎಂದು ಕೇಳಿದ. ಮೊದಲ ವಾರ ಬರಿ ಮಾತು, ಎರಡನೇ ವಾರ ಬಟ್ಟೆ, ಮೂರನೇ ವಾರ ಜಗಳ, ಕೊನೇ ದಿನ ಗುಂಡಿ. ಕೊನೇ ದಿನ ಜನ ಮೆಟ್ಟಿಲ ಮೇಲೇ ಕೂತಿರುತ್ತಿದ್ದರು. ಈಗೊಬ್ಬನೂ ಇಲ್ಲ.

"ಈಗೆಲ್ಲ ರೆಡಿಮೇಡ್ ಅಪ್ಪ."

"ಹಬ್ಬಾನೂ ರೆಡಿಮೇಡ್ ಸಿಗುತ್ತೇನೋ," ಎಂದ. ನಗಲಿಲ್ಲ.

ಸಂಜೆಯ ಆಜಾನ್ ಆಯಿತು. ನಿಜವಾದದ್ದು, ಕೆಮ್ಮಿಲ್ಲದ್ದು. ಅವನು ಉಪವಾಸ ಬಿಟ್ಟ, ಬೀಜ ಒರೆಸಿದ. ಡಬ್ಬಿಯೊಳಗೆ ಹಾಕುವ ಮೊದಲು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡ.

"ಇಪ್ಪತ್ತೊಂಬತ್ತು. ನಡಿ ಮೇಲಕ್ಕೆ."

"ಎಲ್ಲಿಗೆ?"

"ಚಂದ್ರ ನೋಡಬೇಡವಾ? ಕಂಡರೆ ನಾಳೆ ಹಬ್ಬ."

ಮೆಟ್ಟಿಲು ಹತ್ತಲಾಗುವುದಿಲ್ಲ, ತಾನೇ ನೋಡಿ ಬಂದು ಹೇಳುತ್ತೇನೆ ಎಂದಳು. ಅವನು ಆಗಲೇ ಎದ್ದು ಅವಳ ಹೆಗಲಿಗೆ ಕೈ ಹಾಕಿದ್ದ. ಹದಿನೇಳು ಮೆಟ್ಟಿಲು. ನಡುವೆ ಎರಡು ಸಲ ನಿಂತರು. ಅವನ ಉಸಿರು ಹಳೆಯ ಪೆಡಲಿನ ಹಾಗೆ ಕಿರುಗುಟ್ಟುತ್ತಿತ್ತು.

ತಾರಸಿಯಲ್ಲಿ ಅವನು ಕೇಳದೆಯೇ ಪಡುವಣಕ್ಕೆ ಮುಖ ಮಾಡಿ ನಿಂತ. ಕೊನೆಯ ಬಿಸಿಲಿನ ಬಿಸಿ ಗೋಡೆಯಲ್ಲಿ ಇನ್ನೂ ಇತ್ತು. ಆಕಾಶದಲ್ಲಿ ಎರಡು ತಂತಿ, ಒಂದು ಕೆಂಪು ಗೆರೆ. ಸುತ್ತಲಿನ ತಾರಸಿಗಳೆಲ್ಲ ಖಾಲಿ. ಒಂದರಲ್ಲಿ ಯಾರೋ ಮರೆತ ಟವೆಲು ನೇತಾಡುತ್ತಿತ್ತು.

"ಮಕ್ಕಳ ಗಲಾಟೆ ಇಲ್ಲವಲ್ಲ," ಅಪ್ಪ ಹೇಳಿದ.

"ಹೂಂ."

"ಚೆನ್ನಾಗಿ ನೋಡು. ಸಣ್ಣಗಿರುತ್ತೆ. ಗುರುತು ಹಾಕೋ ಸೀಮೆಸುಣ್ಣ ಸವೆದು ಸವೆದು ಕೊನೆಗೆ ಉಳಿಯುತ್ತಲ್ಲ, ಅಷ್ಟು. ಕಂಡಿತಾ?"

ಮೋಡ ಇದೆ ಎಂದರೆ ಸಾಕಿತ್ತು. ನಾಳೆ ಮಧ್ಯಾಹ್ನ ಮೂವತ್ತನೆಯ ಬೀಜ ಬೀಳುತ್ತಿತ್ತು, ತಿಂಗಳು ತಾನೇ ಮುಗಿಯುತ್ತಿತ್ತು. ಆಮೇಲೆ ಹಬ್ಬ. ಅದನ್ನೂ ಮಾಡಬಲ್ಲೆ ಎಂದು ಅವಳಿಗೆ ತಟ್ಟನೆ ತಿಳಿಯಿತು. ಕಿಟಕಿಗೆ ಬಟ್ಟೆ ಕಟ್ಟಿ, ಪಾತ್ರೆಯೊಳಗೆ ಫೋನಿಟ್ಟು, ಹಿಡಿದಿಟ್ಟ ಜನರ ಸದ್ದು ಹಾಕಿ, ಅವನಿಗೊಂದು ಹಳೆಯ ಅಂಗಿಯನ್ನು ಇಸ್ತ್ರಿ ಮಾಡಿ ಹೊಸದೆಂದು ತೊಡಿಸಿ. ಕೈ ನಡುಗುವುದಿಲ್ಲ. ಅವನು ಸಾಯುವ ದಿನವನ್ನೂ ಬೇಕಾದ ವಾರಕ್ಕೆ ತಿರುಗಿಸಬಲ್ಲಳು. ತಿಳಿದ ಮಟ್ಟಿಗೆ ಎಂದು ಕೆಳಗೆ ಟೈಪು ಮಾಡಬಲ್ಲಳು.

ಬಾಗಿಲ ಚೌಕಟ್ಟಿನ ಮೇಲಿನ ನೀಲಿ ಹೆಬ್ಬೆಟ್ಟು ನೆನಪಾಯಿತು.

"ಕಂಡಿತೇನಮ್ಮಾ? ನಿನ್ನ ಕಣ್ಣೇ ನನ್ನ ಕಣ್ಣು."

ಅವನು ಎರಡೂ ಅಂಗೈ ಜೋಡಿಸಿ, ಬೊಗಸೆ ಮಾಡಿ, ಪ್ರಾರ್ಥನೆಗೆ ಎತ್ತಿ ಕಾಯುತ್ತಿದ್ದ. ಎದುರಿಗೆ ಏನೂ ಇರಲಿಲ್ಲ. ಅವನ ಬಿಳಿ ಅಂಗಿಯ ಬೆನ್ನಿನ ಮೇಲೆ ಮಾತ್ರ ತೆಳುವಾದ ಬೆಳಕು ಬಂದು ಕೂತಿತ್ತು.

ಅವಳು ಅವನ ಎರಡೂ ಹೆಗಲು ಹಿಡಿದಳು. ಎದೆಯಳತೆ ಮುಗಿದ ಮೇಲೆ ಬೆನ್ನಳತೆಗೆಂದು ಗಿರಾಕಿಗಳನ್ನು ಅವನು ಹೀಗೇ ತಿರುಗಿಸುತ್ತಿದ್ದ. ಯಾಕೆಂದು ಕೇಳದೆ ಅವರು ತಿರುಗುತ್ತಿದ್ದರು. ಅವನೂ ಕೇಳಲಿಲ್ಲ. ಎತ್ತಿದ ಬೊಗಸೆಯನ್ನು ಇಳಿಸದೆ, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ, ಮೂಡಣಕ್ಕೆ ತಿರುಗಿದ. ನೀರಿನ ಟ್ಯಾಂಕಿನ ಮೇಲಿನಿಂದ ಬೆಳಕು ಇಳಿದು ಬೊಗಸೆಯನ್ನು ಅಂಚಿನವರೆಗೆ ತುಂಬಿತು. ಕಾಣದ ಕಣ್ಣುಗಳು ಅದರ ಮೇಲೇ ನೆಟ್ಟಿದ್ದವು.

"ಅಪ್ಪ," ಎಂದಳು. ಅವಳ ಕೈ ನಡುಗುತ್ತಿತ್ತು. "ಚಂದ್ರ ಈ ಕಡೆ ಇದೆ. ದುಂಡಗಿದೆ."