ಇಳಿಯದ ಗೆರೆ

ತರಗತಿಯಲ್ಲಿ ಇಪ್ಪತ್ತೊಂದು ಮಂದಿ. ಪ್ರಯೋಗಕ್ಕೆ ಇಬ್ಬಿಬ್ಬರನ್ನು ಜೋಡಿ ಮಾಡಿದರೆ ಒಬ್ಬರು ಉಳಿಯಲೇಬೇಕು, ಉಳಿದವಳು ಹೊಲಿಗೆಯಕ್ಕ. ತಮ್ಮಂದಿರು ಓದಿ ದಡ ಸೇರುವವರೆಗೂ ಹೊಲಿಗೆ ಮಿಷನ್ ತುಳಿದು, ನಲವತ್ತೆರಡನೆಯ ವಯಸ್ಸಿನಲ್ಲಿ ರಸಾಯನಶಾಸ್ತ್ರ ಓದಲು ಬಂದವಳಿಗೆ ಹುಡುಗಿಯರು ಪ್ರೀತಿಯಿಂದಲೇ ಇಟ್ಟ ಹೆಸರದು. ಹೆಸರು ಕೊಟ್ಟರು, ಪಕ್ಕದಲ್ಲಿ ಜಾಗ ಕೊಡಲಿಲ್ಲ.

ಉಷ್ಣ ಅಳೆಯುವ ಪ್ರಯೋಗಕ್ಕೆ ಒಂಟಿ ಜೀವ ಸಾಲದು. ಫ್ಲಾಸ್ಕಿನೊಳಗಿನ ಆಮ್ಲಕ್ಕೆ ಕ್ಷಾರ ಸುರಿದು ಕಲಕುತ್ತ, ಥರ್ಮಾಮೀಟರಿನ ಮೇಲೆ ಕಣ್ಣು ನೆಟ್ಟಿರಬೇಕು. ಗೋಡೆ ಗಡಿಯಾರ ಬೆನ್ನ ಹಿಂದೆ. ಅರ್ಧರ್ಧ ನಿಮಿಷಕ್ಕೆ ಜೊತೆಯವರು ಕೂಗಬೇಕು. ಎರಡು ಸಲ ಅವಳಿಗೆ ಲೆಕ್ಕ ತಪ್ಪಿತು. ಕೊನೆಗೆ ಮನೆಯಲ್ಲೇ ಕೂತು, ಪುಸ್ತಕ ನೋಡಿ ಅಂಕಿ ಹೊಂದಿಸಿ ಗ್ರಾಫ್ ಬರೆದು ತಂದಳು.

ಮೇಡಂ ಹಾಳೆಯನ್ನು ಬೆಳಕಿಗೆ ಹಿಡಿದರು. "ಗೆರೆ ಏರಿದ ಮೇಲೆ ಹತ್ತು ನಿಮಿಷ ಕೂದಲೆಳೆಯಷ್ಟೂ ಇಳಿದಿಲ್ಲ! ಇಂಥ ಫ್ಲಾಸ್ಕು ನಂಗೂ ಒಂದು ಕೊಡಿಸಮ್ಮ, ಬೆಳಗಿನ ಕಾಫಿ ಸಂಜೆವರೆಗೂ ಸುಡ್ತಿರುತ್ತೆ."

ಬಿಸಿಯಾದದ್ದು ಸುತ್ತಲಿಗೆ ಸೋರುತ್ತಲೇ ಇರುವುದು ಭಗವಂತನ ಕಟ್ಟಳೆ. ಹೊಲಿಗೆಯಕ್ಕ ಅದನ್ನು ಪಾಠದಲ್ಲಿ ಓದಿದ್ದಳು, ಸುಳ್ಳು ಬರೆಯುವಾಗ ಮರೆತಿದ್ದಳು.

"ಟೈಮ್ ಕೂಗೋರು ಯಾರೂ ಇರ್ಲಿಲ್ಲ ಮೇಡಂ."

"ಯಾರನ್ನಾದ್ರೂ ಕೇಳಬೇಕಿತ್ತು. ನಾಲ್ಕೂವರೆಗೆ ನಿಜವಾದ ಗ್ರಾಫ್ ಬರ್ಲಿ. ಇಲ್ದಿದ್ರೆ ಈ ವರ್ಷ ಪರೀಕ್ಷೆಗೆ ಕೂರಿಸಲ್ಲ."

ಇನ್ನೊಂದು ವರ್ಷ! ಅವಳ ವಯಸ್ಸಿಗೆ ವರ್ಷಗಳೇನು ದಾರಿಯಲ್ಲಿ ಬಿದ್ದಿರುತ್ತವೆಯೆ?

ಲ್ಯಾಬಿನಲ್ಲಿ ನರಪಿಳ್ಳೆಯಿಲ್ಲ. ಕಾಲೇಜಿನ ಗಂಟೆ ಹೊಡೆಯುವ ತಾತ ಮಾತ್ರ ಕಿಟಕಿ ಮುಚ್ಚುತ್ತಿದ್ದ. ಯಾರನ್ನೂ ಏನನ್ನೂ ಕೇಳಿ ಗೊತ್ತಿಲ್ಲದ ಹೊಲಿಗೆಯಕ್ಕ ದೇವರನ್ನು ನೆನೆದು ಬಾಯಿ ತೆರೆದಳು.

"ತಾತ, ಸ್ವಲ್ಪ ಗಡಿಯಾರ ನೋಡಿ ಕೂಗ್ತೀರಾ?"

"ಇಲ್ಲಿನ ಸಾಮಾನು ನಾನು ಮುಟ್ಟೋ ಹಾಗಿಲ್ಲ ತಾಯಿ. ಕೂಗೋಕೇನು, ಬಾಯಿ ನಂದೇ. ಮನೇಲಿ ನಿಮ್ಮಜ್ಜಿ ಅದನ್ನೂ ತೆಗೆಯೋಕೆ ಬಿಡಲ್ಲ!"

ತಾತ ಸ್ಟೂಲಿನ ಮೇಲೆ ಕೂತು ಜಪದಷ್ಟು ಶ್ರದ್ಧೆಯಿಂದ ಕೂಗಿದ. "ಈಗ... ಈಗ..." ಪಾದರಸ ಏರಿತು, ನಿಂತಿತು, ಮೆಲ್ಲಗೆ ಇಳಿಯತೊಡಗಿತು. ಅಷ್ಟರಲ್ಲಿ ನಾಲ್ಕಾಯಿತು, ತಾತ ಗಂಟೆ ಹೊಡೆಯಲು ಓಡಿದ. ಅವನು ಏದುಸಿರು ಬಿಡುತ್ತ ಮರಳುವಷ್ಟರಲ್ಲಿ ಮೂರು ಅಂಕಿ ಹೋಗಿದ್ದವು. ಅವಳು ಆ ಜಾಗ ಖಾಲಿ ಬಿಟ್ಟಳು.

"ಇಲ್ಲಿ ಮೂರು ಚುಕ್ಕಿ ಇಲ್ವಲ್ಲ?" ಮೇಡಂ ಕೇಳಿದರು.

"ತಾತ ಗಂಟೆ ಹೊಡೆಯೋಕೆ ಹೋಗಿದ್ರು."

ಮೇಡಂ ಖಾಲಿ ಜಾಗದ ಮೇಲೆ ಒಂದು ಗಳಿಗೆ ಬೆರಳಿಟ್ಟರು. ಆಮೇಲೆ ಸಹಿ ಹಾಕಿದರು.

ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆದು, ಚಹಾ ಕಾಸಿ ಲೋಟಕ್ಕೆ ಬಗ್ಗಿಸಿ ಕೂತಳು. ಪರೀಕ್ಷೆಗೆ ಕೂರಬಹುದೆಂದು ಹೇಳಿಕೊಳ್ಳಲು ಎದುರಿಗೆ ಯಾರೂ ಇರಲಿಲ್ಲ. ಲೋಟದ ಮೇಲೆ ಅಂಗೈ ಮುಚ್ಚಿ ಗಡಿಯಾರ ನೋಡಿದಳು. ಅರ್ಧ ನಿಮಿಷವಾಯಿತು.

"ಈಗ," ಎಂದಳು, ತನಗೇ ಕೇಳುವಷ್ಟು.