ಸೀಟಿನ ಮೇಲೆ ಅಡಿಕೆ ಗೋಣಿ

ಮಗಳು ದೀಪ್ತಿಯೊಂದಿಗೆ ನಾನು ಮಾತು ಬಿಟ್ಟು ಅಂದಿಗೆ ಒಂಬತ್ತು ದಿನ. ಸುಮ್ಮನೆ ಬಿಟ್ಟದ್ದಲ್ಲ. ಕಡಬದಲ್ಲಿ ಜತ್ತಪ್ಪನ ಗ್ಯಾರೇಜು ಎಂದರೆ ಕೋಡಿಂಬಾಳದ ಮಕ್ಕಳಿಗೂ ಗೊತ್ತು. ಅಂಥ ಜತ್ತಪ್ಪನ ಮಗಳೇ ತನ್ನ ರೇಸಿನ ಕ್ವಾಡನ್ನು ಪಿಕಪ್ಪಿಗೆ ಹೇರಿ, ಊರೆಲ್ಲ ನೋಡುವ ಹಾಗೆ ಪುತ್ತೂರಿನ ರಿಯಾಝ್‌ನ ಗ್ಯಾರೇಜಿಗೆ ಒಯ್ದು ಹಿಂದಿನ ಲಿಂಕ್ ಬದಲಾಯಿಸಿಕೊಂಡು ಬಂದಳು! ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಿಡ ನಾನು. ಮೈಯೆಲ್ಲ ಉರಿದುಹೋಯಿತು.

ಕ್ವಾಡ್ ಎಂದರೆ ನಾಲ್ಕು ದಪ್ಪ ಚಕ್ರಗಳ ಬೈಕು. ಹಿಂದಿನ ಎರಡು ಚಕ್ರಕ್ಕೂ ಸೇರಿ ಇರುವುದು ಒಂದೇ ಶಾಕ್ ಅಬ್ಸಾರ್ಬರ್, ಅದರ ಸುತ್ತ ಸ್ಪ್ರಿಂಗ್. ಚಕ್ರಕ್ಕೆ ಬಿದ್ದ ಪೆಟ್ಟನ್ನು ಅದಕ್ಕೆ ಮುಟ್ಟಿಸುವುದು ಲಿಂಕ್. ಲಿಂಕ್ ಬದಲಾದರೆ ಸವಾರನನ್ನು ಕೂರಿಸಿ, ಹಿಂಭಾಗ ಎಷ್ಟು ತಗ್ಗುತ್ತದೆಂದು ಅಳೆದು, ಸ್ಪ್ರಿಂಗನ್ನು ಹೊಸದಾಗಿ ಹೊಂದಿಸಬೇಕು.

“ಅಮ್ಮಾ, ಅಪ್ಪನಿಗೆ ಹೇಳು,” ಅಂಗಳದಲ್ಲಿ ನಿಂತು ದೀಪ್ತಿ ಕೂಗಿದಳು. “ರಿಯಾಝಣ್ಣ ಲಿಂಕ್ ಮಾತ್ರ ಹಾಕಿದ್ದು. ‘ಸ್ಪ್ರಿಂಗ್ ನಿನ್ನ ಅಪ್ಪನೇ ಹೊಂದಿಸ್ಲಿ, ಅವರ ಕೈಗುಣ ನನಗಿಲ್ಲ’ ಅಂದಿದ್ದಾರೆ. ಆದಿತ್ಯವಾರ ಸುಳ್ಯದಲ್ಲಿ ರೇಸ್ ಉಂಟು.”

“ಅವಳ ರಿಯಾಝಣ್ಣನೇ ಬಂದು ಹೊಂದಿಸ್ಲಿ, ಹೇಳು ಅವಳಿಗೆ,” ಎಂದೆ ನಾನು.

“ನಾನೆಂತ ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ? ಬಾಯಿ ಇಲ್ವಾ ಮಾರಾಯ್ರೆ ನಿಮಗೆ?” ಎಂದು ಹೆಂಡತಿ ಸೇವಂತಿ ಒಳಗೆ ಹೋದಳು.

ಕಡೆಗೆ ಸ್ಪ್ಯಾನರ್ ಹಿಡಿದೆ. ಪ್ರೀತಿಯಿಂದಲ್ಲ, ರಿಯಾಝ್‌ನ ಲಿಂಕ್ ದಂಡ ಎಂದು ತೋರಿಸಲಿಕ್ಕೆ. ಆದರೆ ‘ಕೂರು’ ಎನ್ನಬೇಕಲ್ಲ? ಅನ್ನಲಿಲ್ಲ. ಅವಳ ತೂಕ ಅಷ್ಟಿದ್ದೀತೆಂದು ನಾನೇ ಅಂದಾಜು ಮಾಡಿ, ಜಗಲಿಯ ಅಡಿಕೆ ಗೋಣಿಯನ್ನು ಅರುವತ್ತು ಕಿಲೋಕ್ಕೆ ತೂಗಿ ಸೀಟಿಗೆ ಕಟ್ಟಿದೆ. ಅವಳು ನಾಲ್ಕು ಹೆಜ್ಜೆ ಆಚೆ ಕೈಕಟ್ಟಿ ನಿಂತಿದ್ದಳು.

“ನಾನಿಲ್ಲಿ ಜೀವಂತ ಇದ್ದೇನಲ್ಲ, ಗೋಣಿ ಎಂತಕ್ಕೆ?”

ಗೋಣಿ ಹಿಂದಕ್ಕೆ ಜಾರಿ ಕೂತಿತು, ಗಾಡಿಯ ಹಿಂಭಾಗ ಪೂರ್ತಿ ಕುಸಿಯಿತು. ಸಿಕ್ಕಿಬಿದ್ದನಲ್ಲ ರಿಯಾಝ್ ಎಂದು ಒಳಗೊಳಗೇ ಖುಷಿಪಟ್ಟು ಸ್ಪ್ರಿಂಗನ್ನು ಕಲ್ಲಿನಷ್ಟು ಬಿಗಿ ಮಾಡಿದೆ.

ಸವಾರನ ಅರ್ಧ ಭಾರ ಪಾದಗಳ ಮೂಲಕ ಗಾಡಿಯ ನಡುವಿಗೆ ಬೀಳುತ್ತದೆ. ಗೋಣಿಗೆ ಕಾಲಿಲ್ಲ, ಅದರ ಭಾರವೆಲ್ಲ ಹಿಂದಕ್ಕೇ. ಮೂವತ್ತು ವರ್ಷ ಗ್ಯಾರೇಜು ನಡೆಸಿದವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಿಟ್ಟು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ರಬ್ಬರ್ ತೋಟದ ಹಿಂದಿನ ಮೈದಾನದಲ್ಲಿ ಓಡಿಸಿ ನೋಡಿದಳು. ಮೊದಲ ದಿಬ್ಬ ಹಾರಿ ಇಳಿದದ್ದೇ ತಡ, ಹಿಂಭಾಗ ಕತ್ತೆ ಒದ್ದ ಹಾಗೆ ಎದ್ದಿತು. ದೀಪ್ತಿ ಹ್ಯಾಂಡಲ್ ದಾಟಿ ಮಣ್ಣಿಗೆ ಬಿದ್ದಳು. ಗಾಡಿ ಅವಳ ತಲೆಯಿಂದ ಒಂದು ಮೊಳ ಆಚೆ ಮಗುಚಿತು.

ನಾನು ಓಡಿದೆ. ಅವಳೇ ಎದ್ದು ಹೆಲ್ಮೆಟ್ ತೆಗೆದು ರಕ್ತ ಉಗುಳಿದಳು. ತುಟಿ ಸೀಳಿತ್ತು.

“ರೇಸ್ ಬೇಡ. ಹೋಗುದು ಬೇಡ ನೀನು,” ಎಂದೆ.

“ಹೋಗ್ತೇನೆ. ನೀವು ಸರಿ ಮಾಡಿದ್ರೂ ಹೋಗ್ತೇನೆ, ಮಾಡದಿದ್ರೆ ಹೀಗೇ ಹೋಗ್ತೇನೆ.”

ಅವಳು ಹೋಗುವವಳೇ. ನನ್ನದೇ ರಕ್ತ ತಾನೆ? ಇಬ್ಬರೂ ಸೇರಿ ಗಾಡಿ ಎತ್ತಿ ನಿಲ್ಲಿಸಿದೆವು.

“ಕೂರು,” ಎಂದೆ.

“ಯಾರಿಗೆ ಹೇಳಿದ್ದು?”

“ನಿನಗೇ. ಕೂರು ದೀಪ್ತಿ.”

ಅವಳು ಹತ್ತಿ ಕೂತು ಪಾದ ಊರಿದಳು. ಹಿಂಭಾಗ ಅರ್ಧ ಬೆರಳೂ ತಗ್ಗಲಿಲ್ಲ. ತಪ್ಪು ನನ್ನದೆಂದು ಅಳತೆ ಟೇಪೇ ತೋರಿಸಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ.

“ನನ್ನನ್ನು ಬಿಟ್ಟು ಅವನ ಹತ್ರ ಎಂತಕ್ಕೆ ಹೋದದ್ದು?”

“ಹಿಂದಿನಿಂದ ಒದೆಯುತ್ತದೆ ಅಂತ ನಿಮಗೆ ಮೂರು ಸಲ ಹೇಳಿದೆ. ಗಾಡಿ ಸರಿ ಉಂಟು, ನಿನಗೆ ಓಡಿಸ್ಲಿಕ್ಕೆ ಬರುದಿಲ್ಲ ಅಂದ್ರಿ.” ಅವಳು ತುಟಿ ಒರೆಸಿಕೊಂಡಳು. “ರಿಯಾಝಣ್ಣ ಗಾಡಿ ಮುಟ್ಟುವ ಮೊದಲು ನನ್ನ ತೂಕ ಕೇಳಿದ್ರು.”

ನಾನು ತಲೆ ತಗ್ಗಿಸಿ ಸ್ಪ್ರಿಂಗಿನ ನಟ್ಟಿಗೆ ಸ್ಪ್ಯಾನರ್ ಕೊಟ್ಟೆ. ತಿರುಗಿಸಲು ಅವಳ ತೂಕದ ಲೆಕ್ಕ ಬೇಕಿತ್ತು. ಒಂದೇ ಮನೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಉಣ್ಣುತ್ತಿರುವ ಮಗಳು.

“ಎಷ್ಟು?” ಎಂದು ಕೇಳಿದೆ.

“ನಲವತ್ತೊಂಬತ್ತು,” ಎಂದಳು, ನನ್ನ ಮುಖ ನೋಡದೆ.