ಫ್ರಿಜ್ ಡಾಕ್ಟರ ದೈವಕರೆ

ಐವತ್ತು ದಾಟಿದ ಅಪ್ಪ ಗುರುಮಠ ಸೇರಿ, ಓದಿ, ಪಾದ್ರಿಯಾಗುತ್ತೇನೆ ಎಂದಾಗ ಮಗಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ನಗದೇ ಇದ್ದುದನ್ನು ಕಂಡು ಹಣೆ ಮುಟ್ಟಿ ಜ್ವರ ನೋಡಿದಳು. ಜ್ವರವೂ ಇರಲಿಲ್ಲ. ಆಮೇಲೆ ಶುರುವಾಯಿತು ರಂಪ.

"ತಲೆ ಕೆಟ್ಟಿದೆಯಾ ಅಪ್ಪ? ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಪಾಠ ಓದ್ತೀಯಾ?"

"ಮೊಮ್ಮಕ್ಕಳನ್ನ ಕೊಡು, ಆಡಿಸ್ತೀನಿ. ಪಾಠಾನೂ ಓದ್ತೀನಿ."

"ಮಾತು ತಿರುಗಿಸ್ಬೇಡ!"

ಕೇರಿಯವರೆಲ್ಲ ಅವರನ್ನು ಫ್ರಿಜ್ ಡಾಕ್ಟರು ಎನ್ನುತ್ತಿದ್ದರು. ಕೆಟ್ಟ ಫ್ರಿಜ್ಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಗ್ಯಾಸ್ ತುಂಬಿಸುವುದು, ಕಂಪ್ರೆಸರಿಗೆ ಕಿವಿಯಿಟ್ಟು ಕೇಳುವುದು, ಬಾಗಿಲಿನ ಸಡಿಲ ರಬ್ಬರ್ ಬದಲಿಸುವುದು ಅವರ ಕೆಲಸ. ಆದರೆ ಅಡುಗೆಮನೆ ಎಂಥ ಜಾಗ ಗೊತ್ತಲ್ಲ, ಬೆನ್ನು ತಿರುಗಿಸಿ ಕೂತ ಮನುಷ್ಯನ ಹತ್ತಿರ ಜನ ಬಾಯಿ ಬಿಟ್ಟೇ ಬಿಡುತ್ತಾರೆ. ಗಂಡನ ಕುಡಿತ, ಸೊಸೆಯ ಮೌನ, ಯಾವತ್ತೋ ಮಾಡಿದ ತಪ್ಪು, ಎಲ್ಲ ಆ ಬೆನ್ನಿಗೆ ಕೇಳಿಸುತ್ತಿತ್ತು. ಡಾಕ್ಟರು ಬುದ್ಧಿ ಹೇಳುತ್ತಿರಲಿಲ್ಲ. ಹೊರಡುವಾಗ "ನಿಮಗಾಗಿ ಪ್ರಾರ್ಥನೆ ಮಾಡ್ತೀನಿ" ಎನ್ನುತ್ತಿದ್ದರು, ಮಾಡುತ್ತಲೂ ಇದ್ದರು. ಬರಬರುತ್ತಾ ಅಷ್ಟು ಸಾಲದು ಅನ್ನಿಸತೊಡಗಿತು. ಈ ಜನರಿಗಾಗಿ ಪಾದ್ರಿಗಳ ಹಾಗೆ ಚರ್ಚಿನಲ್ಲಿ ಬಲಿಪೂಜೆ ಅರ್ಪಿಸಬೇಕು, ಅವರ ಪಾಪನಿವೇದನೆ ಕೇಳಿ ದೇವರ ಕ್ಷಮೆಯನ್ನು ಬಾಯಿಬಿಟ್ಟು ಹೇಳಬೇಕು ಎಂಬ ಆಸೆ ಒಳಗೆ ಬಂದು ಕೂತದ್ದು ಏಳಲೇ ಇಲ್ಲ.

ಚರ್ಚಿನ ಗುರುಗಳು ಮಾತ್ರ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ.

"ಹೆಂಡತಿ ತೀರಿಕೊಂಡು ಮೂರು ವರ್ಷ ಆಯ್ತು. ಅವತ್ತಿಂದ ನೀವು ನಕ್ಕಿದ್ದನ್ನ ನಾನು ನೋಡಿಲ್ಲ," ಎಂದರು. "ಖಾಲಿ ಮನೆಗೆ ಹೆದರಿ ಓಡಿ ಬರೋಕೆ ಗುರುಮಠ ಧರ್ಮಛತ್ರ ಅಲ್ಲ. ಒಂದಿನ ಮನಸಾರೆ ನಗಿ. ಆಗಲೂ ಈ ಆಸೆ ಉಳಿದಿದ್ರೆ ಬನ್ನಿ. ಮಗಳ ಒಪ್ಪಿಗೇನೂ ಬೇಕು, ಬಿಷಪ್ಪರು ಕೇಳೇ ಕೇಳ್ತಾರೆ."

ಡಾಕ್ಟರ ತಲೆಗೆ ಹುಳ ಬಿಟ್ಟಂತಾಯಿತು. ದೇವರ ಕರೆ ಎಂದು ತಾವು ನಂಬಿದ್ದು ಬರೀ ಒಂಟಿತನವಾಗಿದ್ದರೆ? ಈ ಭಯ ಅವರನ್ನು ತಿನ್ನುತ್ತಿತ್ತು. ಪರೀಕ್ಷೆ ಮಾಡಿ ನೋಡೋಣವೆಂದರೆ ನಗು ಎಲ್ಲಿಂದ ತರುವುದು? ಕನ್ನಡಿಯೆದುರು ನಿಂತು ಪ್ರಯತ್ನಪಟ್ಟರು. ಹಲ್ಲುನೋವಿನವರ ಹಾಗೆ ಕಂಡಿತು.

ಇತ್ತ ಮಗಳು ಕೈಕಟ್ಟಿ ಕೂರುವವಳಲ್ಲ. ಅಪ್ಪನಿಗೆ ಬೇಕಿರುವುದು ಗುರುಮಠವಲ್ಲ, ಜೊತೆಗೊಂದು ಜೀವ ಎಂದು ತೀರ್ಮಾನಿಸಿಬಿಟ್ಟಳು. ಅವಳಿಗೆ ಕಾರು ಕಲಿಸುತ್ತಿದ್ದ ಡ್ರೈವಿಂಗ್ ಮೇಡಂ ಗಂಡನನ್ನು ಕಳೆದುಕೊಂಡವರು, ವಯಸ್ಸೂ ಹೊಂದುತ್ತಿತ್ತು. ಅಪ್ಪನಿಗೆ ಹೇಳಿದ್ದು ಇಷ್ಟೇ: "ನಮ್ಮ ಮೇಡಂ ಆಫೀಸಲ್ಲಿ ಫ್ರಿಜ್ ತಣ್ಣಗಾಗ್ತಿಲ್ಲವಂತೆ, ಮಧ್ಯಾಹ್ನ ನೋಡಿ ಬಾ."

ಹೋಗಿ ನೋಡಿದರೆ ಫ್ರಿಜ್ ಹೊಚ್ಚ ಹೊಸದು. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು.

"ಇದಕ್ಕೇನೂ ಆಗಿಲ್ಲ, ಮೇಡಂ."

"ಗೊತ್ತು. ಏನಾದ್ರೂ ಕೆಡಿಸಿಡಿ ಅಂದಿದ್ಲು ನಿಮ್ಮ ಮಗಳು. ಹೊಸ ಫ್ರಿಜ್ಜು, ಮನಸ್ಸು ಬರ್ಲಿಲ್ಲ. ಕೂತ್ಕೊಳ್ಳಿ, ನಮ್ಮಿಬ್ಬರಿಗೆ ಸಂಬಂಧ ಕುದುರಿಸ್ತಿದಾಳೆ."

ಡಾಕ್ಟರು ಸ್ಕ್ರೂಡ್ರೈವರ್ ಸಮೇತ ಕುರ್ಚಿಗೆ ಕುಸಿದರು. ಮೇಡಂ ಚಹಾ ಕೊಟ್ಟು ತಮ್ಮ ಶಿಷ್ಯರ ಕಥೆ ಬಿಚ್ಚಿದರು. ಬ್ರೇಕ್ ಒತ್ತುವಾಗೆಲ್ಲ ಕಣ್ಣು ಮುಚ್ಚಿಕೊಳ್ಳುವ ವಕೀಲರೊಬ್ಬರಿದ್ದರಂತೆ. "ನಿಮ್ಮ ಮಗಳೇನು ಕಮ್ಮಿಯಾ? ತಿರುವಲ್ಲಿ ಇಂಡಿಕೇಟರ್ ಹಾಕಮ್ಮ ಅಂದ್ರೆ ವೈಪರ್ ಹಾಕ್ತಾಳೆ. ಹಾಕಿಬಿಟ್ಟು, ನಾನು ತಿರುಗೋದು ನಿಮಗೆ ಕಾಣಲ್ವಾ ಅಂತ ಎದುರಿಗೆ ಬರೋರನ್ನೇ ಬೈತಾಳೆ!"

ಡಾಕ್ಟರಿಗೆ ಚಹಾ ನೆತ್ತಿಗೇರಿತು. ಇಷ್ಟು ದಿನ ಎಲ್ಲಿ ಅಡಗಿತ್ತೋ ಆ ನಗು, ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಗುನಗುತ್ತಲೇ ಹೆಂಡತಿಯ ಮಾತು ಬಂತು. ಮೂರು ವರ್ಷ ಬಾಯಿಗೆ ಬಾರದ ಅವಳ ಹೆಸರನ್ನು ಅವತ್ತು ಸಲೀಸಾಗಿ ಹೇಳಿದರು. ಈ ಹೆಂಗಸಿನ ಜೊತೆ ಬಾಳಿದರೆ ಸುಖವಾಗಿರಬಹುದು ಎಂದು ಅವರಿಗೆ ಸ್ಪಷ್ಟವಾಗಿ ಅನ್ನಿಸಿತು.

ಮೇಡಂ ಲೋಟ ಕೆಳಗಿಟ್ಟರು. "ನೇರವಾಗಿ ಕೇಳ್ತೀನಿ. ನಿಮ್ಮನ್ನ ಬೇಡ ಅನ್ನೋಕೆ ನಂಗೆ ಕಾರಣ ಕಾಣ್ತಿಲ್ಲ. ನಿಮಗೆ?"

ಡಾಕ್ಟರಿಗೆ ಗುರುಗಳ ಮಾತು ನೆನಪಾಯಿತು. ನಕ್ಕಾಯಿತಲ್ಲ, ಇನ್ನು ಆ ಆಸೆ? ಜನಜಂಗುಳಿಯಿಂದ ಹೊರಬಂದವನು ಜೇಬು ಮುಟ್ಟಿ ನೋಡಿಕೊಳ್ಳುವ ಹಾಗೆ, ಹೆದರಿ ಹೆದರಿ ಒಳಗೆ ತಡಕಿದರು. ಇತ್ತು! ಇದ್ದಲ್ಲೇ ಇತ್ತು. ದುಃಖದ ಭಾರ ಇಳಿದ ಮೇಲೆ ಇನ್ನೂ ನೆಟ್ಟಗೆ ನಿಂತಿತ್ತು. ಸುಖ ಎದುರಿಗೇ ಕೂತು ಚಹಾ ಕುಡಿಯುತ್ತಿರುವಾಗಲೂ ಅವರಿಗೆ ಬೇಕಾದದ್ದು ಅದೇ.

"ಮೇಡಂ!" ಡಾಕ್ಟರು ಎದ್ದೇ ನಿಂತರು. "ನಿಮ್ಮಂಥವರು ಸಿಕ್ಕಾಗಲೂ ನಂಗೆ ಪಾದ್ರಿನೇ ಆಗ್ಬೇಕು ಅನ್ನಿಸ್ತಿದೆ! ಇದು ದೇವರ ಕರೆನೇ, ಮೇಡಂ!"

ಮೇಡಂ ಕೆಳಗಿಟ್ಟಿದ್ದ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. "ನನ್ನ ಬೇಡ ಅನ್ನುವಾಗ ಇಷ್ಟು ಖುಷಿಪಟ್ಟ ಗಂಡಸನ್ನ ನಾನು ನೋಡೇ ಇಲ್ಲ," ಎಂದು ನಕ್ಕರು. ಆ ನಗುವಿನಲ್ಲಿ ಸ್ವಲ್ಪ ನೋವೂ ಇತ್ತು, ಡಾಕ್ಟರಿಗೆ ಅದು ತಿಳಿಯಿತು.

ಹೊರಗೆ ಮೇಡಂನ ಕಲಿಕೆಯ ಕಾರಿನಲ್ಲಿ ಗುಟ್ಟಾಗಿ ಕಾದಿದ್ದ ಮಗಳು ನಗು ಕೇಳಿ ಒಳಗೆ ಓಡಿ ಬಂದಳು. "ಕುದುರಿತಾ?"

"ಇಲ್ಲ ಕಣೇ. ಮನಸಾರೆ ನಕ್ಕೆ. ಆಸೆ ಹಾಗೇ ಇದೆ."

ಅವಳ ಮುಖ ಬಾಡಿತು. "ಅಮ್ಮ ಹೋದ್ಲು. ಈಗ ನೀನೂ ಹೋದ್ರೆ ನಂಗ್ಯಾರಪ್ಪ?" ಎಂದವಳೇ ಅತ್ತುಬಿಟ್ಟಳು. ಇಷ್ಟು ದಿನದ ರಂಪದ ಒಳಗಿದ್ದದ್ದು ಇದು.

ಡಾಕ್ಟರು ಅವಳ ಕೈ ಹಿಡಿದರು. "ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಯಾವ ಉಡುಪು ಹಾಕಿದ್ರೂ ನಾನು ನಿಮ್ಮಪ್ಪನೇ. ನನ್ನ ಮುಖ ನೋಡು."

ನೋಡಿದಳು. ಅಮ್ಮ ಬದುಕಿದ್ದಾಗಿನ ಅಪ್ಪನ ಮುಖ ಅದು. ಇನ್ನು ಕಾಣುವುದೇ ಇಲ್ಲ ಎಂದುಕೊಂಡಿದ್ದಳು. ನೋಡುತ್ತಾ ನೋಡುತ್ತಾ ಅವಳ ಅಳು ನಿಂತಿತು. ಕಣ್ಣೊರೆಸಿಕೊಂಡಳು.

"ಮೇಡಂ, ಬನ್ನಿ. ಅಪ್ಪ, ನೀನು ಹಿಂದೆ ಹತ್ತು."

ನೆತ್ತಿಯ ಮೇಲೆ ದೊಡ್ಡ ಎಲ್ ಬೋರ್ಡು ಹೊತ್ತ ಕಾರು ಬೀದಿಗಿಳಿಯಿತು. ಸ್ಟೀರಿಂಗಿನಲ್ಲಿ ಮಗಳು, ಪಕ್ಕದಲ್ಲಿ ಮೇಡಂ, ಹಿಂದೆ ತೊಡೆಯ ಮೇಲೆ ಟೂಲ್ ಬಾಕ್ಸ್ ಇಟ್ಟುಕೊಂಡು ದೊರೆಯ ಹಾಗೆ ಡಾಕ್ಟರು. ಸೈಕಲ್ಲಿನವರೂ ಹಿಂದೆ ಹಾಕಿ ಹೋದರು. ಪ್ರತಿ ತಿರುವಿನಲ್ಲೂ ವೈಪರ್ ಆಡಿತು, ಪ್ರತಿ ಸಲವೂ ಮೂವರೂ ನಕ್ಕರು.

ಗುರುಗಳು ಚರ್ಚಿನಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಕಾರು ಕುಲುಕಾಡಿ ನಿಂತಿತು. ಡಾಕ್ಟರು ಇಳಿಯುವ ಮೊದಲೇ ಮಗಳು ಇಳಿದು ಹೋಗಿ ಗುರುಗಳೆದುರು ನಿಂತಳು.

"ಫಾದರ್, ಅಪ್ಪ ನಗ್ತಿದಾರೆ, ನೀವೇ ನೋಡಿ. ಈಗಲೂ ಬೇಕಂತೆ."

ಗುರುಗಳು ಡಾಕ್ಟರ ಮುಖವನ್ನು ಬಹಳ ಹೊತ್ತು ನೋಡಿದರು. ಪೈಪು ಕೈಯಿಂದ ಜಾರಿ ಅವರ ಚಪ್ಪಲಿಯೆಲ್ಲ ಒದ್ದೆಯಾಯಿತು. "ಸರಿ ಹಾಗಾದ್ರೆ," ಎಂದರು. "ನಿನ್ನ ಒಪ್ಪಿಗೆ ಇದೆ ಅಂತ ಬಿಷಪ್ಪರಿಗೆ ಹೇಳಲಾ, ಮಗಳೇ?"

"ಒಪ್ಪಿಗೆ ಅಂತ ಹೇಳ್ಬೇಡಿ, ಫಾದರ್," ಎಂದಳು ಅವಳು. "ನಾನೇ ಕರ್ಕೊಂಡು ಬಂದು ಬಿಟ್ಟೆ ಅಂತ ಹೇಳಿ."